ಅಜ್ಜ ಸೋತಲ್ಲಿ ಮೊಮ್ಮಗ ಗೆದ್ದ: ಸ್ಕಾಟ್ಲೆಂಡ್ ಗಡಿಯ ದನಗಳ್ಳರನ್ನು ಮಟ್ಟ ಹಾಕಿದ ಕಥೆ

1603ರ ಮಾರ್ಚ್ 24ರ ಬೆಳಗಿನ ಜಾವ ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್ ತೀರಿಕೊಂಡಳು. ಮಕ್ಕಳಿರಲಿಲ್ಲ. ಪಟ್ಟ ಪಕ್ಕದ ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್‌ಗೆ ಹೋಗುತ್ತದೆ ಅನ್ನೋದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿತ್ತು. ಸರ್ ರಾಬರ್ಟ್ ಕೇರಿ ಎಂಬ ಗಡಿ ಅಧಿಕಾರಿ ಕುದುರೆ ಬದಲಿಸುತ್ತಾ, ದಾರಿಯಲ್ಲಿ ಒಮ್ಮೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು, 26ರ ರಾತ್ರಿ ಎಡಿನ್‌ಬರ್ಗ್ ಅರಮನೆ ಸೇರಿ ಸುದ್ದಿ ಮುಟ್ಟಿಸಿದ.

ಸುದ್ದಿ ಗಡಿಗೂ ಮುಟ್ಟಿತು. ಅಲ್ಲಿನ ಮನೆತನಗಳು ಲೆಕ್ಕ ಹಾಕಿದ್ದೇ ಬೇರೆ. ಹಳೆಯ ರಾಣಿ ಹೋದಳು, ಹೊಸ ರಾಜ ಇನ್ನೂ ಬಂದು ಕೂತಿಲ್ಲ. ಹಾಗಾದರೆ ಈಗ ಕಾನೂನೇ ಇಲ್ಲ, ಅಲ್ವಾ? ಗ್ರಹಾಂ, ಆರ್ಮ್‌ಸ್ಟ್ರಾಂಗ್, ಎಲಿಯಟ್ ಮನೆತನದವರು ಗುಂಪುಗುಂಪಾಗಿ ಕುದುರೆ ಏರಿ ಇಂಗ್ಲೆಂಡಿನ ಕಂಬರ್ಲೆಂಡಿಗೆ ನುಗ್ಗಿದರು. ಪೆನ್ರಿತ್ ಪಟ್ಟಣದವರೆಗೂ ಹೋಗಿ ದನ, ಕುರಿ ಹೊಡೆದುಕೊಂಡು ಬಂದರು, ಮನೆಗಳಿಗೆ ಬೆಂಕಿ ಇಟ್ಟರು. ಆ ಕೆಲವು ದಿನಗಳಿಗೆ ಅಲ್ಲಿನ ಜನ ಇಟ್ಟ ಹೆಸರು 'ಕೆಟ್ಟ ವಾರ'.

ಅವರ ಲೆಕ್ಕ ತಪ್ಪಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಜೇಮ್ಸ್ ಆ ಗಡಿಯ ಮುನ್ನೂರು ವರ್ಷದ ಕಸುಬಿನ ಬೆನ್ನು ಮುರಿದ. 'ಗಟ್ಟಿ ರಾಜ ಬಂದ, ಕಳ್ಳರನ್ನು ಗಲ್ಲಿಗೇರಿಸಿದ, ಶಾಂತಿ ಬಂತು' ಎಂದು ಇದನ್ನು ಸುಲಭವಾಗಿ ಹೇಳಿ ಮುಗಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಯಾಕೆಂದರೆ ಇವನ ಅಜ್ಜ ಐದನೇ ಜೇಮ್ಸ್ ಕೂಡ 1530ರಲ್ಲಿ ಅದೇ ಗಡಿಗೆ ಹೋಗಿ ಅದೇ ಮನೆತನದವರನ್ನು ಮರಕ್ಕೆ ನೇತು ಹಾಕಿದ್ದ. ಏನೂ ಬದಲಾಗಲಿಲ್ಲ. ಅಜ್ಜನ ಹಗ್ಗಕ್ಕೂ ಮೊಮ್ಮಗನ ಹಗ್ಗಕ್ಕೂ ವ್ಯತ್ಯಾಸವೇನು ಅನ್ನೋದೇ ಇಲ್ಲಿನ ಪ್ರಶ್ನೆ.

ದನ ಯಾಕೆ, ಬೆಳೆ ಯಾಕಲ್ಲ?

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಗಡಿ ಅಂಥ ಉದ್ದವೇನಲ್ಲ. ಪೂರ್ವದ ಬೆರಿಕ್ ಊರಿನಿಂದ ಪಶ್ಚಿಮದ ಸಾಲ್ವೆ ಕೊಲ್ಲಿಯವರೆಗೆ ಸುಮಾರು 154 ಕಿ.ಮೀ. ಬೆಂಗಳೂರು–ಮೈಸೂರು ದಾರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 1237ರ ಯಾರ್ಕ್ ಒಪ್ಪಂದದಲ್ಲಿ ಈ ಗೆರೆ ಹೆಚ್ಚುಕಡಿಮೆ ನಿಂತಿತ್ತು. ಆಮೇಲೆ 1296ರಲ್ಲಿ ಇಂಗ್ಲೆಂಡಿನ ಮೊದಲನೇ ಎಡ್ವರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದ. ಅಲ್ಲಿಂದ ಶುರುವಾದ ಜಗಳ ಸುಮಾರು ಮುನ್ನೂರು ವರ್ಷ ಬಿಟ್ಟುಬಿಟ್ಟು ನಡೆಯಿತು.

ಸೈನ್ಯ ಯಾವ ಕಡೆಯದ್ದಾದರೂ ತುಳಿಯುತ್ತಿದ್ದದ್ದು ಈ ಗಡಿಯ ಹೊಲಗಳನ್ನೇ. ಬಿತ್ತಿದ್ದು ಸುಟ್ಟುಹೋಗುತ್ತಿತ್ತು. ಬೆರಿಕ್ ಊರಂತೂ ಎರಡು ರಾಜ್ಯಗಳ ನಡುವೆ ಹತ್ತಾರು ಸಲ ಕೈ ಬದಲಾಯಿಸಿ, ಕೊನೆಗೆ 1482ರಲ್ಲಿ ಇಂಗ್ಲೆಂಡಿನ ಪಾಲಾಯಿತು. ಇಂಥ ಕಡೆ ಬೇಸಾಯ ನೆಚ್ಚಿಕೊಂಡು ಯಾರು ಕೂರುತ್ತಾರೆ? ಬೆಳೆದ ಓಟ್ಸನ್ನು ಹೊತ್ತುಕೊಂಡು ಓಡಲಾಗುವುದಿಲ್ಲ. ದನವನ್ನು ಓಡಿಸಬಹುದು, ಕಣಿವೆಯಲ್ಲಿ ಬಚ್ಚಿಡಬಹುದು. ಹಾಗಾಗಿ ಆಸ್ತಿ ಅಂದರೆ ದನ. ಕಳ್ಳತನ ಅಂದರೂ ದನವೇ.

ಇನ್ನೊಂದು ಕಾರಣ ಕೆಲವು ಕಣಿವೆಗಳ ಆಸ್ತಿ ಪದ್ಧತಿ. ಇಂಗ್ಲೆಂಡಿನ ಟೈನ್‌ಡೇಲ್ ಕಡೆ ಅಪ್ಪನ ಜಮೀನು ಗಂಡುಮಕ್ಕಳಿಗೆಲ್ಲ ಸಮನಾಗಿ ಹಂಚಿಕೆಯಾಗುತ್ತಿತ್ತು. ಎರಡು ಮೂರು ತಲೆಮಾರಿಗೆ ಒಬ್ಬೊಬ್ಬನ ಪಾಲಿಗೆ ತುಂಡು ಹುಲ್ಲುಗಾವಲು ಉಳಿಯುತ್ತಿತ್ತು. ಹೊಟ್ಟೆಗೆ ಸಾಲದ ಜಮೀನು, ಕೈಯಲ್ಲಿ ಕುದುರೆ, ನಾಲ್ಕು ಮೈಲಿ ಆಚೆ ಬೇರೆ ರಾಜ್ಯ.

ಹೀಗೆ ಹುಟ್ಟಿಕೊಂಡವರೇ ರೀವರ್‌ಗಳು. ನಮ್ಮ ಹಳೆಯ ಶಾಸನಗಳ ಮಾತಲ್ಲಿ ಹೇಳಿದರೆ ತುರುಗೊಳ್ಳುವವರು. ಇವರು ಕಾಡಿನಲ್ಲಿ ಅಡಗಿದ ಪುಂಡರ ಗುಂಪಲ್ಲ. ಊರಲ್ಲಿ ಮನೆ, ಮಠ, ಮಕ್ಕಳು ಇದ್ದವರು. ರೈತರಿಂದ ಹಿಡಿದು ದೊಡ್ಡ ಜಮೀನ್ದಾರರವರೆಗೆ ಎಲ್ಲರೂ ಇದರಲ್ಲಿದ್ದರು. ಮುಖ್ಯವಾದದ್ದು ಮನೆತನ. ಸ್ಕಾಟ್, ಕರ್, ಮ್ಯಾಕ್ಸ್‌ವೆಲ್, ಜಾನ್‌ಸ್ಟನ್, ನಿಕ್ಸನ್, ಚಾರ್ಲ್‌ಟನ್, ರಾಬ್ಸನ್, ಮಸ್‌ಗ್ರೇವ್. ರಾಜನಿಗಿಂತ ಮೊದಲು ಮನೆತನ. ಒಂದೇ ಮನೆತನ ಗಡಿಯ ಎರಡೂ ಕಡೆ ಹರಡಿಕೊಂಡಿದ್ದೂ ಉಂಟು. ಗ್ರಹಾಂಗಳು ಇಂಗ್ಲಿಷರೋ ಸ್ಕಾಟರೋ ಎಂದು ಕೇಳಿದರೆ, ಆ ದಿನ ಯಾವುದು ಲಾಭವೋ ಅದು.

ಒಂದು ರಾತ್ರಿಯ ಕೆಲಸ

ಸುಗ್ಗಿ ಮುಗಿದ ಮೇಲೆ ಇವರ ಸುಗ್ಗಿ ಶುರು. ಬೇಸಿಗೆಯಲ್ಲಿ ಮೇಯ್ದು ದನ ಕೊಬ್ಬಿರುತ್ತಿತ್ತು, ರಾತ್ರಿ ಉದ್ದವಾಗುತ್ತಿತ್ತು, ನೆಲ ಇನ್ನೂ ಪೂರ್ತಿ ಕೆಸರಾಗಿರುತ್ತಿರಲಿಲ್ಲ. ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಗಡಿಯಲ್ಲಿ ನಿದ್ದೆ ಕಡಿಮೆ.

ತಲೆಗೆ ಉಕ್ಕಿನ ಟೋಪಿ. ಮೈಗೆ ದಪ್ಪ ಹೊಲಿಗೆಯ ಅಂಗಿ, ಅದರ ಪದರಗಳ ಒಳಗೆ ಸಣ್ಣ ಸಣ್ಣ ಉಕ್ಕಿನ ತಗಡುಗಳು. ಕೈಯಲ್ಲಿ ಈಟಿ, ಸೊಂಟದಲ್ಲಿ ಕತ್ತಿ, ಕೆಲವರ ಹತ್ತಿರ ಪಿಸ್ತೂಲು. ಕುದುರೆ ಮಾತ್ರ ಗಿಡ್ಡ ಜಾತಿಯದ್ದು, ಲಾಳ ಇಲ್ಲದೆಯೂ ಜೌಗು ನೆಲದಲ್ಲಿ ಕಾಲು ಹೂತುಹೋಗದಂತೆ ನಡೆಯುವಂಥದ್ದು. ಕತ್ತಲಲ್ಲಿ ಆ ಜೌಗಿನ ನಡುವೆ ದಾರಿ ಗೊತ್ತಿದ್ದವನೇ ಗುಂಪಿನ ಮುಖ್ಯಸ್ಥ. ಹತ್ತು ಜನರ ತಂಡವೂ ಇರುತ್ತಿತ್ತು, ಹಗಲಲ್ಲೇ ರಾಜಾರೋಷವಾಗಿ ನುಗ್ಗುವ ನೂರಾರು ಜನರ ದಂಡೂ ಇರುತ್ತಿತ್ತು.

ಕಳ್ಳತನಕ್ಕೆ ಹೋಗದ ರಾತ್ರಿ ತಮ್ಮ ಮನೆ ಕಾಯಬೇಕು. ಉಳ್ಳವರು ಕಲ್ಲಿನ ಗೋಪುರ ಮನೆ ಕಟ್ಟಿಸಿದರು. ಸಾಧಾರಣ ರೈತರು ಕಟ್ಟಿಕೊಂಡದ್ದು 'ಬ್ಯಾಸಲ್' ಎಂಬ ಮಾಳಿಗೆ ಮನೆ. ಕೆಳಗೆ ದನ, ಮೇಲೆ ಜನ. ಮೀಟರಿಗೂ ದಪ್ಪದ ಗೋಡೆ, ಕೈ ಹಾಯುವಷ್ಟು ಕಿಟಕಿ. ರಾತ್ರಿ ಏಣಿ ಮೇಲೆ ಎಳೆದುಕೊಂಡರೆ ಮುಗಿಯಿತು. ನಾರ್ತಂಬರ್ಲೆಂಡಿನಲ್ಲಿ ಇಂಥ ಮನೆಗಳು ಇವತ್ತಿಗೂ ನಿಂತಿವೆ.

ಇವರ ಬಗ್ಗೆ ಕಥೆಗಳಿಗೇನೂ ಕಮ್ಮಿಯಿಲ್ಲ. ಹಾರ್ಡನ್ನಿನ ಸ್ಕಾಟ್ ಮನೆಯಲ್ಲಿ ಮಾಂಸ ಖಾಲಿಯಾದ ದಿನ ಯಜಮಾನಿ ಊಟಕ್ಕೆ ಕೂತವರ ಮುಂದೆ ಮುಚ್ಚಿದ ತಟ್ಟೆ ತಂದಿಡುತ್ತಿದ್ದಳಂತೆ. ಮುಚ್ಚಳ ತೆಗೆದರೆ ಒಳಗೆ ಕುದುರೆ ಸವಾರರು ಹಿಮ್ಮಡಿಗೆ ಕಟ್ಟುವ ಮುಳ್ಳು. ಅರ್ಥ ಆಯ್ತಲ್ಲ, ಎದ್ದು ಹೊರಡಿ. ಅದೇ ಮನೆಯ ಮುದುಕ ವ್ಯಾಟ್ ಸ್ಕಾಟ್ ಕದ್ದ ದನ ಹೊಡೆದುಕೊಂಡು ಬರುವಾಗ ದೊಡ್ಡ ಹುಲ್ಲಿನ ಬಣವೆ ಕಂಡು, 'ನಿನಗೆ ನಾಲ್ಕು ಕಾಲಿದ್ದಿದ್ದರೆ ಇಲ್ಲಿ ನಿಂತಿರುತ್ತಿರಲಿಲ್ಲ' ಅಂದನಂತೆ.

ಕಥೆ ಕೇಳಲು ಚೆಂದ. ದನ ಕಳೆದುಕೊಂಡ ವಿಧವೆಗೆ ಚೆಂದವಾಗಿರಲಿಲ್ಲ. ಆ ಕಾಲದ ದೂರುಗಳ ಪಟ್ಟಿಗಳಲ್ಲಿ ದನದ ಜೊತೆಗೆ ಪಾತ್ರೆ, ಹಾಸಿಗೆ, ಮೈಮೇಲಿನ ಬಟ್ಟೆ ಕೂಡ ಹೋದದ್ದು ಬರೆದಿದೆ. ದನ ಕಳ್ಳತನಕ್ಕಿಂತ ಕೆಟ್ಟದ್ದು ಹಫ್ತಾ. ಇಂತಿಷ್ಟು ಕೊಟ್ಟರೆ ನಿನ್ನ ಮನೆಗೆ ಬರುವುದಿಲ್ಲ, ಬೇರೆಯವರು ಬರದಂತೆಯೂ ನೋಡಿಕೊಳ್ಳುತ್ತೇವೆ. ಕೊಡದಿದ್ದರೆ ನಿನ್ನಿಷ್ಟ. ನಮ್ಮ ಪೇಪರುಗಳು ದಿನಾ ಬರೆಯುವ ಬ್ಲಾಕ್‌ಮೇಲ್ ಅನ್ನುವ ಮಾತು ಮೊದಲು ಬಳಕೆಗೆ ಬಂದದ್ದು ಈ ಹಫ್ತಾಗೇ.

1525ರಲ್ಲಿ ಗ್ಲಾಸ್ಗೋದ ಆರ್ಚ್‌ಬಿಷಪ್ ಗ್ಯಾವಿನ್ ಡನ್‌ಬಾರ್‌ಗೆ ಎಷ್ಟು ರೋಸಿತ್ತೆಂದರೆ, ರೀವರ್‌ಗಳಿಗೆ ಸಾವಿರಕ್ಕೂ ಜಾಸ್ತಿ ಪದಗಳ ಒಂದು ಶಾಪ ಬರೆದು ಓದಿಸಿದ. ತಲೆಕೂದಲಿಂದ ಶುರುಮಾಡಿ ಅಂಗಾಲಿನವರೆಗೆ ಒಂದೊಂದು ಅಂಗವನ್ನೂ ಹೆಸರಿಸಿ ಶಪಿಸಿದ್ದಾನೆ. ಕಾರ್ಲೈಲ್ ಊರಿನವರು ಆ ಶಾಪದ ಒಂದು ಭಾಗವನ್ನು 2001ರಲ್ಲಿ ದೊಡ್ಡ ಕಲ್ಲಿನ ಮೇಲೆ ಕೆತ್ತಿಸಿ ಇಟ್ಟರು. ಅದೇ ವರ್ಷ ಆ ಕಡೆ ದನಗಳಿಗೆ ಕಾಲುಬಾಯಿ ಜ್ವರ, 2005ರಲ್ಲಿ ಊರಿಗೆ ನೆರೆ. ಕಲ್ಲು ತೆಗೆಸಿ ಅಂತ ಕೌನ್ಸಿಲ್‌ನಲ್ಲಿ ಗಲಾಟೆಯೇ ಆಯಿತು. ಕಲ್ಲು ಅಲ್ಲೇ ಉಳಿಯಿತು. ಶಾಪ ಮೂಲ ಗಿರಾಕಿಗಳಿಗೆ ಮಾತ್ರ ತಟ್ಟಲಿಲ್ಲ.

ಕಾನೂನು ಇತ್ತು, ಹಿಡಿತ ಇರಲಿಲ್ಲ

ಗಡಿಯಲ್ಲಿ ಕಾನೂನೇ ಇರಲಿಲ್ಲ ಅಂದುಕೊಂಡರೆ ತಪ್ಪು. 1249ರಿಂದಲೇ ಎರಡೂ ರಾಜ್ಯಗಳು ಒಪ್ಪಿಕೊಂಡ ಗಡಿ ಕಾನೂನು ಬರವಣಿಗೆಯಲ್ಲಿತ್ತು. ಗಡಿಯ ಎರಡೂ ಕಡೆಯನ್ನು ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ಮೂರು ಭಾಗ ಮಾಡಿ, ಒಟ್ಟು ಆರು ವಾರ್ಡನ್‌ಗಳನ್ನು, ಅಂದರೆ ಗಡಿ ಅಧಿಕಾರಿಗಳನ್ನು, ನೇಮಿಸುತ್ತಿದ್ದರು. ಸ್ಕಾಟ್ಲೆಂಡಿನ ಲಿಡ್ಸ್‌ಡೇಲ್ ಕಣಿವೆ ಎಷ್ಟು ಕೆಟ್ಟುಹೋಗಿತ್ತೆಂದರೆ ಅದೊಂದಕ್ಕೇ ಪ್ರತ್ಯೇಕ ಅಧಿಕಾರಿ.

ದನ ಕಳೆದುಕೊಂಡವನು ಆರು ದಿನದೊಳಗೆ ಗಡಿ ದಾಟಿ ಬೆನ್ನಟ್ಟಬಹುದಿತ್ತು. ಆದರೆ ಕದ್ದುಮುಚ್ಚಿ ಅಲ್ಲ. ಈಟಿಯ ತುದಿಗೆ ಉರಿಯುವ ಹುಲ್ಲುಹೆಂಟೆ ಸಿಕ್ಕಿಸಿ, ನಾಯಿ ಬಿಟ್ಟುಕೊಂಡು, ಕಹಳೆ ಊದುತ್ತಾ ಹೋಗಬೇಕು. ನಾನು ಕಳ್ಳತನಕ್ಕೆ ಬಂದವನಲ್ಲ, ಕಳ್ಳನ ಹಿಂದೆ ಬಂದವನು ಎಂದು ಊರಿಗೆಲ್ಲ ಗೊತ್ತಾಗಲಿ ಅಂತ. ದಾರಿಯಲ್ಲಿ ಸಿಕ್ಕವರು ಜೊತೆಗೂಡಿ ಹುಡುಕಬೇಕು, ಇಲ್ಲದಿದ್ದರೆ ಅವರೂ ಕಳ್ಳನ ಕಡೆಯವರು.

ಆರು ದಿನದಲ್ಲಿ ಸಿಗದಿದ್ದರೆ ವಾರ್ಡನ್‌ಗೆ ಫಿರ್ಯಾದು. ಎರಡು ಕಡೆಯ ವಾರ್ಡನ್‌ಗಳು ಆಗಾಗ ಗಡಿಯ ಮೇಲೆ ಒಂದು ದಿನ ಗೊತ್ತುಮಾಡಿ ಸೇರುತ್ತಿದ್ದರು. ಆ ದಿನ ಮರುದಿನ ಸೂರ್ಯ ಹುಟ್ಟುವವರೆಗೆ ಯಾರೂ ಯಾರನ್ನೂ ಮುಟ್ಟುವ ಹಾಗಿಲ್ಲ. ಹನ್ನೆರಡು ಪಂಚರು ಕೂರುತ್ತಿದ್ದರು. ಆರು ಸ್ಕಾಟರನ್ನು ಇಂಗ್ಲಿಷ್ ವಾರ್ಡನ್, ಆರು ಇಂಗ್ಲಿಷರನ್ನು ಸ್ಕಾಟ್ ವಾರ್ಡನ್ ಆರಿಸುತ್ತಿದ್ದ. ಯೋಚನೆ ಮಾಡಿ ಮಾಡಿದ ವ್ಯವಸ್ಥೆ. ಆದರೆ ಆರೋಪಿಯ ವಿರುದ್ಧ ಸಾಕ್ಷಿ ಹೇಳುವವನು ಆರೋಪಿಯ ದೇಶದವನೇ ಆಗಿರಬೇಕೆಂಬ ನಿಯಮವೂ ಇತ್ತು. ತನ್ನ ಕಡೆಯವನ ಮೇಲೆ ಪರದೇಶದವರ ಮುಂದೆ ಸಾಕ್ಷಿ ಹೇಳಿ, ಆ ರಾತ್ರಿ ಮನೆಯಲ್ಲಿ ನೆಮ್ಮದಿಯಾಗಿ ಮಲಗುವುದು ಹೇಗೆ?

ಮೇಲಾಗಿ ವಾರ್ಡನ್‌ಗಳೇನು ಸಾಚಾ ಅಲ್ಲ. ಸ್ಕಾಟ್ ಕಡೆಯ ವಾರ್ಡನ್ ಅಲ್ಲಿನ ದೊಡ್ಡ ಮನೆತನದ ಯಜಮಾನನೇ ಆಗಿರುತ್ತಿದ್ದ. ಪಶ್ಚಿಮದಲ್ಲಿ ಮ್ಯಾಕ್ಸ್‌ವೆಲ್‌ಗಳಿಗೂ ಜಾನ್‌ಸ್ಟನ್‌ಗಳಿಗೂ ಹಾವು ಮುಂಗುಸಿ ಸಂಬಂಧ. ವಾರ್ಡನ್ ಪಟ್ಟ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಯಾರಿಗೆ ಸಿಕ್ಕಿದರೂ ಅದು ಇನ್ನೊಬ್ಬರನ್ನು ತುಳಿಯಲು ಸರ್ಕಾರಿ ಅಪ್ಪಣೆ. 1593ರಲ್ಲಿ ಡ್ರೈಫ್ ಮರಳಿನ ಬಯಲಲ್ಲಿ ಆಗ ವಾರ್ಡನ್ ಆಗಿದ್ದ ಲಾರ್ಡ್ ಮ್ಯಾಕ್ಸ್‌ವೆಲ್‌ನನ್ನೇ ಜಾನ್‌ಸ್ಟನ್‌ಗಳು ಕೊಂದರು. 1600ರಲ್ಲಿ ಇನ್ನೊಬ್ಬ ವಾರ್ಡನ್ ಸರ್ ಜಾನ್ ಕಾರ್ಮೈಕಲ್‌ನನ್ನು ಆರ್ಮ್‌ಸ್ಟ್ರಾಂಗ್‌ಗಳು ಮುಗಿಸಿದರು.

ಇದೆಲ್ಲದರ ಕೆಳಗೆ ಇದ್ದ ನಿಜವಾದ ತೊಡಕು ಇಷ್ಟೇ: ಕದ್ದವನು ಗೆರೆ ದಾಟಿದರೆ ಸಾಕು, ಅವನನ್ನು ಹಿಡಿದುಕೊಡುವುದು ಬಿಡುವುದು ಪಕ್ಕದ ರಾಜನ ಮರ್ಜಿ. ಪಕ್ಕದ ರಾಜನಿಗೆ ಇಂಥವರು ಬೇಕಾಗಿದ್ದರು. ಯುದ್ಧ ಬಂದರೆ ದಾರಿ ಬಲ್ಲ, ಸಂಬಳ ಕೇಳದ, ಲೂಟಿಯಲ್ಲೇ ಹೊಟ್ಟೆ ಹೊರೆದುಕೊಳ್ಳುವ ಕುದುರೆ ಸವಾರರು ಇವರೇ. ಎಂಟನೇ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡು ದುಡ್ಡು ಕೊಟ್ಟು ಗಡಿಯ ಸ್ಕಾಟರನ್ನೇ ಸ್ಕಾಟ್ಲೆಂಡಿನ ಮೇಲೆ ಛೂ ಬಿಟ್ಟಿತ್ತು. ಶಾಂತಿಕಾಲದಲ್ಲಿ ಪಕ್ಕದವನಿಗೆ ತಲೆನೋವು ಕೊಡಲೂ ಇವರೇ ಸಾಕು. ಎರಡೂ ಆಸ್ಥಾನಗಳು ಬಾಯಲ್ಲಿ ಬೈಯುತ್ತಾ ಕೈಯಲ್ಲಿ ಸಾಕುತ್ತಿದ್ದವು.

ಎಸ್ಕ್ ಮತ್ತು ಸಾರ್ಕ್ ನದಿಗಳ ನಡುವೆ ಸುಮಾರು 16 ಕಿ.ಮೀ. ಉದ್ದದ ಒಂದು ತುಂಡು ನೆಲವಂತೂ ಯಾರಿಗೆ ಸೇರಿದ್ದು ಅಂತಲೇ ತೀರ್ಮಾನವಾಗಿರಲಿಲ್ಲ. ಹೆಸರೇ 'ತಕರಾರಿನ ನೆಲ'. ಇಬ್ಬರೂ ನಮ್ಮದು ಅನ್ನುತ್ತಿದ್ದರು, ಇಬ್ಬರೂ ಆಡಳಿತ ಮಾಡುತ್ತಿರಲಿಲ್ಲ. ಅಲ್ಲಿ ಮನೆ ಕಟ್ಟುವುದು ನಿಷೇಧ. ಹಾಗಾಗಿ ಆರ್ಮ್‌ಸ್ಟ್ರಾಂಗ್, ಗ್ರಹಾಂಗಳು ಅಲ್ಲೇ ಮನೆ ಕಟ್ಟಿದರು. 1552ರಲ್ಲಿ ಫ್ರೆಂಚ್ ರಾಯಭಾರಿಯ ಪಂಚಾಯ್ತಿಯಲ್ಲಿ ಅದನ್ನು ಪಾಲು ಮಾಡಿ, ನಡುವೆ ಮಣ್ಣಿನ ಏರಿ ಹಾಕಿ ಗಡಿ ಗುರುತು ಮಾಡಿದರು. ಆ ಏರಿ ಇವತ್ತಿಗೂ ಗಡಿಯೇ.

ಅಜ್ಜನ ಹಗ್ಗ

ಈಗ 1530ಕ್ಕೆ ಬರೋಣ. ಐದನೇ ಜೇಮ್ಸ್‌ಗೆ ಆಗ ಹದಿನೆಂಟು ವರ್ಷ. ಬಿಸಿರಕ್ತ. ಮೊದಲು ಮ್ಯಾಕ್ಸ್‌ವೆಲ್, ಬಕ್ಲೂ ಮುಂತಾದ ಗಡಿಯ ದೊಡ್ಡ ಕುಳಗಳನ್ನು ಸೆರೆಯಲ್ಲಿಟ್ಟ. ಆಮೇಲೆ ದಂಡು ಕಟ್ಟಿಕೊಂಡು ಕೆಳಗಿಳಿದ. ಗಿಲ್ನಾಕಿಯ ಜಾನಿ ಆರ್ಮ್‌ಸ್ಟ್ರಾಂಗ್ ಆ ಕಾಲದ ಹೆಸರುವಾಸಿ ರೀವರ್. ಇಂಗ್ಲೆಂಡಿನ ಹಳ್ಳಿಗಳಿಂದ ಅವನಿಗೆ ಹಫ್ತಾ ಬರುತ್ತಿತ್ತು. ಸ್ಕಾಟರನ್ನು ಮುಟ್ಟುವುದಿಲ್ಲ ಎಂಬುದು ಅವನ ಹೆಮ್ಮೆ. ರಾಜನೇ ಅಭಯ ಕೊಟ್ಟು ಕರೆಸಿದ ಎಂಬ ಮಾತಿದೆ. ಜಾನಿ ತನ್ನವರೊಂದಿಗೆ ಚೆನ್ನಾಗಿ ಸಿಂಗರಿಸಿಕೊಂಡು ಕಾರ್ಲನ್‌ರಿಗ್ ಎಂಬಲ್ಲಿ ರಾಜನನ್ನು ಕಾಣಲು ಬಂದ. ಆ ವೈಭವ ನೋಡಿಯೇ ಹುಡುಗ ರಾಜನಿಗೆ ಉರಿದುಹೋಯಿತಂತೆ. ಮೂವತ್ತಕ್ಕೂ ಹೆಚ್ಚು ಸಂಗಡಿಗರ ಸಮೇತ ಅಲ್ಲೇ ಮರಗಳಿಗೆ ನೇತು ಹಾಕಿಸಿದ.

ಜಾನಿಯ ಆಸ್ತಿ ಯಾರಿಗೆ ಹೋಯಿತು ಗೊತ್ತೇ? ಸೆರೆಯಿಂದ ಹೊರಬಂದ ಲಾರ್ಡ್ ಮ್ಯಾಕ್ಸ್‌ವೆಲ್‌ಗೆ.

ಫಲ? ಆರ್ಮ್‌ಸ್ಟ್ರಾಂಗ್‌ಗಳು ಕಳ್ಳತನ ಬಿಡಲಿಲ್ಲ, ರಾಜನ ಮೇಲಿನ ನಿಷ್ಠೆ ಬಿಟ್ಟರು. ಗೆರೆಯ ಆಚೆ ಇನ್ನೊಬ್ಬ ರಾಜ ಇದ್ದೇ ಇದ್ದನಲ್ಲ. 1542ರ ನವೆಂಬರಿನಲ್ಲಿ ಸಾಲ್ವೆ ಮಾಸ್ ಎಂಬಲ್ಲಿ ಇಂಗ್ಲಿಷರ ಕೈಯಲ್ಲಿ ಸ್ಕಾಟ್ ಸೈನ್ಯ ಸೋತು ಚೆಲ್ಲಾಪಿಲ್ಲಿಯಾಯಿತು. ಓಡಿ ಬರುತ್ತಿದ್ದ ಸ್ಕಾಟ್ ಸೈನಿಕರನ್ನು ಲಿಡ್ಸ್‌ಡೇಲಿನ ಸ್ಕಾಟರೇ ತಡೆದು ದೋಚಿದರು. ಮೂರು ವಾರದೊಳಗೆ ಐದನೇ ಜೇಮ್ಸ್ ಸತ್ತ. ಪಟ್ಟಕ್ಕೆ ಬಂದದ್ದು ಒಂದು ವಾರದ ಹೆಣ್ಣು ಕೂಸು, ಮೇರಿ. ಅವಳ ಮಗನೇ ನಮ್ಮ ಆರನೇ ಜೇಮ್ಸ್.

ಈ ಮೊಮ್ಮಗನೂ ಸ್ಕಾಟ್ಲೆಂಡಿಗಷ್ಟೇ ರಾಜನಾಗಿದ್ದಾಗ ಮಾಡಿದ್ದು ಅಷ್ಟಕ್ಕಷ್ಟೇ. 1596ರ ಪ್ರಕರಣ ನೋಡಿ. ವಾರ್ಡನ್‌ಗಳ ಸಭೆಯ ದಿನ ಮುಗಿಸಿಕೊಂಡು ಮನೆಗೆ ಹೋಗುತ್ತಿದ್ದ ಕಿನ್‌ಮಾಂಟ್ ವಿಲ್ಲಿ ಆರ್ಮ್‌ಸ್ಟ್ರಾಂಗ್‌ನನ್ನು ಇಂಗ್ಲಿಷರು ಹಿಡಿದು ಕಾರ್ಲೈಲ್ ಕೋಟೆಗೆ ಹಾಕಿದರು. ವಿಲ್ಲಿ ಪಕ್ಕಾ ಕಳ್ಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನ ಯಾರನ್ನೂ ಮುಟ್ಟುವ ಹಾಗಿರಲಿಲ್ಲವಲ್ಲ. ಲಿಡ್ಸ್‌ಡೇಲಿನ ಅಧಿಕಾರಿ ಬಕ್ಲೂದ ವಾಲ್ಟರ್ ಸ್ಕಾಟ್ ಬಿಡಿ ಅಂತ ಕೇಳಿದ. ಇಂಗ್ಲಿಷ್ ವಾರ್ಡನ್ ಲಾರ್ಡ್ ಸ್ಕ್ರೂಪ್ ಬಿಡಲಿಲ್ಲ. ಏಪ್ರಿಲ್ 13ರ ನಸುಕಿನಲ್ಲಿ ಸುರಿಯುವ ಮಳೆಯಲ್ಲಿ ಬಕ್ಲೂ ಎಂಬತ್ತರಷ್ಟು ಜನರೊಂದಿಗೆ ಕೋಟೆಗೆ ಬಂದ. ತಂದ ಏಣಿ ಗೋಡೆಗೆ ಎಟುಕಲಿಲ್ಲ. ಹಿಂಬಾಗಿಲಿನಿಂದ ನುಗ್ಗಿ ವಿಲ್ಲಿಯನ್ನು ಬಿಡಿಸಿಕೊಂಡು ಹೋದ. ಒಳಗಿನವರ ಕೈವಾಡ ಇಲ್ಲದೆ ಇದು ಸಾಧ್ಯವಿರಲಿಲ್ಲ. ಮುಖ ಉಳಿಸಿಕೊಳ್ಳಲು ಸ್ಕ್ರೂಪ್ ಲಂಡನ್ನಿಗೆ ಬರೆದದ್ದು, ಬಂದವರು ಐನೂರು ಜನ ಅಂತ!

ಎಲಿಜಬೆತ್ ಕೆಂಡವಾದಳು. ಬಕ್ಲೂನನ್ನು ಒಪ್ಪಿಸು ಎಂದು ಹಟ ಹಿಡಿದಳು. ಜೇಮ್ಸ್ ಇಬ್ಬಂದಿಗೆ ಬಿದ್ದ. ಒಪ್ಪಿಸಿದರೆ ಸ್ಕಾಟರ ಮುಂದೆ ಮಾನ ಹೋಗುತ್ತದೆ. ಒಪ್ಪಿಸದಿದ್ದರೆ ನಾಳೆ ಸಿಗಬೇಕಾದ ಇಂಗ್ಲೆಂಡಿನ ಪಟ್ಟಕ್ಕೆ, ಈಗ ವರ್ಷವರ್ಷ ಅವಳಿಂದ ಬರುವ ಹಣಕ್ಕೆ ಕುತ್ತು. ಎಳೆದಾಡಿ ಎಳೆದಾಡಿ ಕೊನೆಗೆ ಬಕ್ಲೂ ಕೆಲಕಾಲ ಇಂಗ್ಲಿಷರ ವಶದಲ್ಲಿದ್ದು ಬಂದ. ಒಬ್ಬ ದನಗಳ್ಳನ ವಿಷಯಕ್ಕೆ ಎರಡು ರಾಜ್ಯಗಳ ಸಂಬಂಧ ಹರಿದುಹೋಗುವುದರಲ್ಲಿತ್ತು. ಗಡಿಯ ಮನೆತನಗಳ ಬಲ ಇದ್ದದ್ದೇ ಅಲ್ಲಿ.

ಗೆರೆಯೇ ಇಲ್ಲದಾಗ

1603ರ ಏಪ್ರಿಲ್ 6ಕ್ಕೆ ಜೇಮ್ಸ್ ಬೆರಿಕ್ ದಾಟಿದಾಗ ಈ ಬಲ ಒಂದೇ ಏಟಿಗೆ ಉಡುಗಿತು. ಆಚೆ ಕಡೆಯೂ ಅವನೇ, ಈಚೆ ಕಡೆಯೂ ಅವನೇ. ಓಡಿ ಹೋಗಿ ಸೇರಿಕೊಳ್ಳಲು ಇನ್ನೊಬ್ಬ ರಾಜನಿಲ್ಲ. ಯುದ್ಧಕ್ಕೆ ಇವರ ಅಗತ್ಯವೂ ಇಲ್ಲ. ನಿನ್ನೆಯವರೆಗೆ ಕೆಲಸಕ್ಕೆ ಬರುತ್ತಿದ್ದವರು ಇವತ್ತು ಬರೀ ಕಳ್ಳರು.

ಮೊದಲು 'ಕೆಟ್ಟ ವಾರ'ದ ದಂಡಿನ ಮೇಲೆ ಸೈನ್ಯ ಕಳಿಸಿದ. ಆಮೇಲೆ ಹೆಸರು ಬದಲಾಯಿಸಿದ. ಇನ್ನು ಮುಂದೆ ಇದು ಗಡಿಯಲ್ಲ, ನನ್ನ ರಾಜ್ಯದ 'ನಡುಸೀಮೆ' ಅಂದ. ಕೋಟೆಮನೆಗಳ ಕಬ್ಬಿಣದ ಬಾಗಿಲು ಕಿತ್ತು ನೇಗಿಲ ಗುಳ ಮಾಡಿ ಎಂದು ಆಜ್ಞೆ ಹೊರಡಿಸಿದ. ಎಲ್ಲ ಬಾಗಿಲೂ ಕುಲುಮೆಗೆ ಹೋಗಲಿಲ್ಲ ಬಿಡಿ. ಹೆಚ್ಚು ಪೆಟ್ಟು ಕೊಟ್ಟದ್ದು ಇನ್ನೊಂದು ಆಜ್ಞೆ. ಗಡಿಯ ಸಾಮಾನ್ಯ ಜನ ಆಯುಧ ಹಿಡಿಯುವಂತಿಲ್ಲ, 50 ಶಿಲಿಂಗಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿಲ್ಲ. ಉಳುವ ಕುದುರೆ ಇರಲಿ, ಓಡುವ ಕುದುರೆ ಬೇಡ. ಕಸುಬಿನ ಮೂಲಕ್ಕೇ ಕೈ ಹಾಕಿದ್ದ.

ಹಳೆಯ ವಾರ್ಡನ್ ವ್ಯವಸ್ಥೆ ಹೋಯಿತು. 1605ರಲ್ಲಿ ಐವರು ಇಂಗ್ಲಿಷರು, ಐವರು ಸ್ಕಾಟರು ಸೇರಿದ ಹತ್ತು ಜನರ ಆಯೋಗ ಬಂತು. ಸ್ಕಾಟ್ ಕಡೆ ಸರ್ ವಿಲಿಯಂ ಕ್ರಾನ್‌ಸ್ಟನ್ ಕೈಕೆಳಗೆ 25 ಕುದುರೆ ಸವಾರರ ಪೊಲೀಸ್ ಪಡೆ. ಜಾಡು ಹಿಡಿಯುವ ನಾಯಿಗಳನ್ನು ಊರಿನವರ ಖರ್ಚಿನಲ್ಲೇ ಸಾಕುವ ವ್ಯವಸ್ಥೆಯೂ ಆಯಿತು. ಈ ಆಯೋಗಕ್ಕಿದ್ದ ದೊಡ್ಡ ಅಧಿಕಾರ ಅಂದರೆ, ಆ ಕಡೆ ಕದ್ದು ಈ ಕಡೆ ಬಂದವನನ್ನು ಹಿಡಿದು ವಾಪಸ್ ಕಳಿಸುವುದು. ಅಜ್ಜನಿಗೆ ಸಿಗದೇ ಹೋದದ್ದು ಇದೇ.

ಹಾಗಂತ ಸಲೀಸಾಗೇನೂ ನಡೆಯಲಿಲ್ಲ. ರಾಜ ಒಬ್ಬನೇ ಆದರೂ ಪಾರ್ಲಿಮೆಂಟು ಎರಡು, ಕಾನೂನು ಎರಡು. ಇಂಗ್ಲಿಷ್ ಪಾರ್ಲಿಮೆಂಟಿಗೆ ತಮ್ಮವರನ್ನು ಸ್ಕಾಟ್ ಕೋರ್ಟಿಗೆ ಕಳಿಸುವುದು ಸುತರಾಂ ಇಷ್ಟವಿರಲಿಲ್ಲ. 1607ರ ಕಾಯ್ದೆ ಅದನ್ನು ತಡೆದೇಬಿಟ್ಟಿತು. ಮೂರು ವರ್ಷ ಒದ್ದಾಡಿ 1610ರ ಹೊತ್ತಿಗೆ ಸರಿಮಾಡಿಕೊಂಡರು. ಅಷ್ಟು ಕಾಲ ಕಳ್ಳರಿಗೆ ಮತ್ತೆ ಸಂದು ಸಿಕ್ಕಿತ್ತು.

ನ್ಯಾಯದ ವಿಷಯ ಮಾತಾಡದಿರುವುದೇ ವಾಸಿ. ಜೇಮ್ಸ್ ಲಂಡನ್ನಿಗೆ ಹೋಗುವ ದಾರಿಯಲ್ಲೇ ನ್ಯೂವಾರ್ಕ್ ಊರಿನಲ್ಲಿ ಸಿಕ್ಕಿಬಿದ್ದ ಜೇಬುಗಳ್ಳನೊಬ್ಬನನ್ನು ವಿಚಾರಣೆಯೇ ಇಲ್ಲದೆ ಗಲ್ಲಿಗೆ ಹಾಕಿಸಿ ಇಂಗ್ಲಿಷರನ್ನು ದಂಗುಬಡಿಸಿದ್ದ. ಗಡಿಯಲ್ಲಿ ಅವನ ಬಲಗೈ ಜಾರ್ಜ್ ಹೋಮ್, ಅಂದರೆ ಡನ್‌ಬಾರ್‌ನ ಅರ್ಲ್, ಇದನ್ನೇ ದಿನಚರಿ ಮಾಡಿಕೊಂಡ. ಮೊದಲು ನೇಣು, ಆಮೇಲೆ ವಿಚಾರಣೆ. ಜೆಡ್‌ಬರ್ಗ್ ಊರಿನ ಹೆಸರು ಇಂಥ ನ್ಯಾಯಕ್ಕೆ ಗಾದೆಯಾಗಿ ಉಳಿದಿದೆ. 1609ರಲ್ಲಿ ಡಂಫ್ರೀಸ್‌ನಲ್ಲಿ ಸಾಲಾಗಿ ನೇಣು ಹಾಕಿದ ಮೇಲೆ, ಗ್ರೀಕ್ ಪುರಾಣದ ಹರ್ಕ್ಯುಲಿಸ್ ಆಜಿಯಸ್ ರಾಜನ ಕೊಳೆತ ಲಾಯ ತೊಳೆದ ಹಾಗೆ ಡನ್‌ಬಾರ್ ಗಡಿ ತೊಳೆದಿದ್ದಾನೆ ಎಂದು ಸ್ಕಾಟ್ಲೆಂಡಿನ ಚಾನ್ಸಲರ್ ರಾಜನಿಗೆ ವರದಿ ಒಪ್ಪಿಸಿದ.

ಗ್ರಹಾಂಗಳಿಗೆ ಗಡಿಪಾರು

ಎಲ್ಲರಿಗಿಂತ ಜಾಸ್ತಿ ಅನುಭವಿಸಿದವರು ಎಸ್ಕ್ ನದಿ ಬದಿಯ ಗ್ರಹಾಂಗಳು. ಅವರ ಕಳ್ಳತನ ಸುಳ್ಳಲ್ಲ. ಜೊತೆಗೆ ಅವರ ಜಮೀನು ಒಳ್ಳೆಯದಿತ್ತು ಅನ್ನುವುದೂ ಸುಳ್ಳಲ್ಲ. ರಾಜ ಆ ಜಮೀನನ್ನು ಕಂಬರ್ಲೆಂಡಿನ ಅರ್ಲ್‌ಗೆ ಬರೆದುಕೊಟ್ಟ. ಖಾಲಿ ಮಾಡಿಸಬೇಕಲ್ಲ? 1605ರಲ್ಲಿ ಸುಮಾರು 150 ಗಂಡಸರನ್ನು ಹಿಡಿದು ನೆದರ್ಲೆಂಡ್ಸ್‌ನ ಫ್ಲಷಿಂಗ್ ಮತ್ತು ಬ್ರಿಲ್ ಕೋಟೆಗಳ ಕಾವಲಿಗೆ ಕಳಿಸಿದರು. ಕೆಲವೇ ತಿಂಗಳಲ್ಲಿ ಸುಮಾರು ಜನ ತಪ್ಪಿಸಿಕೊಂಡು ಊರಿಗೆ ಬಂದರು.

ಮುಂದಿನ ವರ್ಷ ಹೆಂಡತಿ ಮಕ್ಕಳ ಸಮೇತ ಐರ್ಲೆಂಡಿನ ರಾಸ್‌ಕಾಮನ್‌ಗೆ ಸಾಗಹಾಕಿದರು. ಖರ್ಚಿಗೆ ಸುತ್ತಲಿನ ಜಮೀನ್ದಾರರಿಂದ ಚಂದಾ ಎತ್ತಿದ್ದರು. ಆ ಹಣ ಹೋದದ್ದು ಗ್ರಹಾಂಗಳನ್ನು ಒಕ್ಕಲು ಮಾಡಿಕೊಳ್ಳಬೇಕಿದ್ದ ಸರ್ ರಾಲ್ಫ್ ಸಿಡ್ಲಿಯ ಕೈಗೆ. ಸೌದೆ ಇಲ್ಲ, ನೀರಿಲ್ಲ, ನಮಗೆ ಬರಬೇಕಾದ ದುಡ್ಡು ಬಂದಿಲ್ಲ ಎಂದು ಗ್ರಹಾಂಗಳು ಅರ್ಜಿ ಮೇಲೆ ಅರ್ಜಿ ಹಾಕಿದರು. ಎರಡು ವರ್ಷದೊಳಗೆ ಅಲ್ಲಿ ಉಳಿದದ್ದು ಬೆರಳೆಣಿಕೆ ಮನೆ. ಅಪ್ಪಣೆ ಇಲ್ಲದೆ ಊರಿಗೆ ಮರಳಿದರೆ ನೇಣು ಎಂದು ಗೊತ್ತಿದ್ದೂ ಎಷ್ಟೋ ಜನ ಮರಳಿದರು.

ಈಗ ದೊಡ್ಡವರ ಕಡೆ ನೋಡಿ. ಕಾರ್ಲೈಲ್ ಕೋಟೆಗೆ ನುಗ್ಗಿದ್ದ ಬಕ್ಲೂ ಗಾಳಿ ಎತ್ತ ಬೀಸುತ್ತಿದೆ ಎಂದು ಬೇಗ ತಿಳಿದುಕೊಂಡ. ಹಳೆಯ ಸಂಗಡಿಗರನ್ನು ಮಟ್ಟ ಹಾಕಲು ಮುಂದೆ ನಿಂತ, ಒಂದಷ್ಟು ಜನರನ್ನು ಕಟ್ಟಿಕೊಂಡು ನೆದರ್ಲೆಂಡ್ಸ್ ಯುದ್ಧಕ್ಕೆ ಹೋದ. 1606ರಲ್ಲಿ ಲಾರ್ಡ್ ಆದ. ಅವನ ವಂಶದ ಬಕ್ಲೂ ಡ್ಯೂಕ್‌ಗಳು ಇವತ್ತಿಗೂ ಬ್ರಿಟನ್ನಿನ ಅತಿ ದೊಡ್ಡ ಖಾಸಗಿ ಜಮೀನ್ದಾರರಲ್ಲಿ ಒಬ್ಬರು. ಎಲ್ಲ ದೊಡ್ಡವರೂ ಹೀಗೆ ಪಾರಾಗಲಿಲ್ಲ ಅನ್ನೋದನ್ನೂ ಹೇಳಬೇಕು. ಹಳೆಯ ಹಗೆ ಮರೆಯಲಾರದೆ 1608ರಲ್ಲಿ ಜಾನ್‌ಸ್ಟನ್ ಯಜಮಾನನನ್ನು ಮಾತುಕತೆಗೆ ಕರೆದು ಗುಂಡಿಟ್ಟು ಕೊಂದ ಲಾರ್ಡ್ ಮ್ಯಾಕ್ಸ್‌ವೆಲ್‌ನ ತಲೆಯನ್ನು 1613ರಲ್ಲಿ ಎಡಿನ್‌ಬರ್ಗ್‌ನಲ್ಲಿ ಕಡಿಸಿದರು. ಹೊಸ ಕಾಲಕ್ಕೆ ಹೊಂದಿಕೊಂಡವನಿಗೆ ಪದವಿ, ಹೊಂದಿಕೊಳ್ಳದವನಿಗೆ ಕೊಡಲಿ. ಬಡವನಿಗೆ ಮಾತ್ರ ಆಯ್ಕೆಯೇ ಇರಲಿಲ್ಲ.

ಗ್ರಹಾಂಗಳಲ್ಲೂ ಒಬ್ಬ ಕಿಲಾಡಿ ಹುಟ್ಟಿದ. ರಿಚರ್ಡ್ ಗ್ರಹಾಂ ಎಂಬ ಹುಡುಗ ಲಂಡನ್ ಸೇರಿ, ರಾಜನ ನೆಚ್ಚಿನ ಬಕಿಂಗ್‌ಹ್ಯಾಮ್ ಡ್ಯೂಕನ ಕುದುರೆಗಳನ್ನು ನೋಡಿಕೊಳ್ಳುವ ಹುದ್ದೆ ಹಿಡಿದು ಮೇಲೆ ಬಂದ. ಕುದುರೆ ವಿದ್ಯೆ ಮನೆತನದಲ್ಲೇ ಇತ್ತಲ್ಲ! ಕಂಬರ್ಲೆಂಡಿನ ಅರ್ಲ್‌ಗೆ ಹೋಗಿದ್ದ ನೆದರ್ಬಿ ಜಮೀನನ್ನು ದುಡ್ಡು ಕೊಟ್ಟು ವಾಪಸ್ ಕೊಂಡ. 1629ರಲ್ಲಿ ಬ್ಯಾರೊನೆಟ್ ಪದವಿಯೂ ಬಂತು.

ಕಳ್ಳತನ ಪೂರ್ತಿ ನಿಂತಿತೇ? ಇಲ್ಲ. ಜೇಮ್ಸ್ ಸತ್ತ ಮೇಲೆ ಅಂತರ್ಯುದ್ಧದ ಗದ್ದಲದಲ್ಲಿ ಜೌಗು ಪ್ರದೇಶಗಳಲ್ಲಿ ಮತ್ತೆ ಗುಂಪುಗಳು ತಲೆ ಎತ್ತಿದವು. 1662ರಲ್ಲಿ ಪಾರ್ಲಿಮೆಂಟು ಅವರ ವಿರುದ್ಧವೇ ಒಂದು ಕಾಯ್ದೆ ಮಾಡಬೇಕಾಯಿತು. ಆದರೆ ಇವರು ಚಿಲ್ಲರೆ ದರೋಡೆಕೋರರು. ಬೆನ್ನಿಗೆ ಮನೆತನವೂ ಇಲ್ಲ, ಪಕ್ಕದ ರಾಜನೂ ಇಲ್ಲ.

ನೆಲ ಕಳೆದುಕೊಂಡವರು ಐರ್ಲೆಂಡಿನ ಅಲ್ಸ್ಟರ್‌ಗೆ ಹೋದರು. ಅಲ್ಲಿನ ಫರ್ಮನಾ ಜಿಲ್ಲೆಯಲ್ಲಿ ಆರ್ಮ್‌ಸ್ಟ್ರಾಂಗ್, ಎಲಿಯಟ್, ಜಾನ್‌ಸ್ಟನ್ ಹೆಸರುಗಳು ಈಗಲೂ ಹೇರಳ. ಅಲ್ಲಿಂದ ಎಷ್ಟೋ ಜನ ಅಮೆರಿಕಕ್ಕೆ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್‌ನನ್ನು 1972ರಲ್ಲಿ ಆರ್ಮ್‌ಸ್ಟ್ರಾಂಗ್‌ಗಳ ಹಳೆಯ ಸೀಮೆಯ ಲ್ಯಾಂಗಮ್ ಊರಿಗೆ ಕರೆಸಿ ಸನ್ಮಾನ ಮಾಡಿದರು. ಆರ್ಮ್‌ಸ್ಟ್ರಾಂಗ್ ಸಿಕ್ಕಿದರೆ ನೇಣು ಹಾಕಬೇಕೆಂಬ ಹಳೆಯ ಕಾನೂನು ಇನ್ನೂ ರದ್ದಾಗಿಲ್ಲ ಎಂದು ಆ ದಿನ ತಮಾಷೆ ಮಾಡಿದರಂತೆ.

ಲ್ಯಾಂಗಮ್ ಊರಿನ ಗುಡ್ಡದ ಮೇಲೆ ಎತ್ತರದ ಒಂದು ಕಲ್ಲುಕಂಬವಿದೆ. ಅದು ಜಾನ್ ಮಾಲ್ಕಮ್ ಹೆಸರಿನದ್ದು. ಹೆಸರು ನಮ್ಮ ಇತಿಹಾಸ ಓದಿದವರಿಗೆ ಹೊಸದಲ್ಲ. ಆ ಊರಿನ ಪಕ್ಕದಲ್ಲೇ ಹುಟ್ಟಿದ ಈತ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಆಡಳಿತ ಗೊತ್ತುಮಾಡಿದ ಸಮಿತಿಗೆ ಥಾಮಸ್ ಮನ್ರೋ ಜೊತೆ ಕಾರ್ಯದರ್ಶಿಯಾಗಿದ್ದ. 1817ರಲ್ಲಿ ಮಹಿದ್‌ಪುರದ ಕಾಳಗದಲ್ಲಿ ಮೈಸೂರಿನ ಸಿಲ್ಲೇದಾರ್ ಕುದುರೆಪಡೆ ಹೋರಾಡಿದ್ದು ಇವನ ಜೊತೆಯಲ್ಲೇ. ಅದೇ ದಂಡಯಾತ್ರೆಯ ಇನ್ನೊಂದು ಗುರಿ ಕುದುರೆ ಏರಿ ಲೂಟಿ ಮಾಡುತ್ತಿದ್ದ ಪಿಂಡಾರಿಗಳು. ಅಲ್ಲೂ ಬೇಟೆಗೆ ಮೊದಲು ಮಾಡಿದ ಕೆಲಸ, ಪಿಂಡಾರಿಗಳಿಗೆ ನೆರಳಾಗಿದ್ದ ಸಿಂಧಿಯಾನಿಂದ ಇನ್ನು ಆಶ್ರಯ ಕೊಡುವುದಿಲ್ಲ ಎಂದು ಒಪ್ಪಂದ ಬರೆಸಿಕೊಂಡದ್ದು. ಹೋಗಲು ಜಾಗವಿಲ್ಲದೆ 1818ರಲ್ಲಿ ಪಿಂಡಾರಿ ನಾಯಕ ಕರೀಂ ಖಾನ್ ಬಂದು ಮಾಲ್ಕಮ್‌ಗೆ ಶರಣಾದ. ಅವನನ್ನು ನೇಣಿಗೆ ಹಾಕಲಿಲ್ಲ. ಗೋರಖಪುರದ ಕಡೆ ಜಮೀನು ಕೊಟ್ಟು ಕೂರಿಸಿದರು.